ಬಾಗಿಲು ಹಾಕದೆ ಇಟ್ಟ ಎಡೆ

2002ನೇ ಇಸವಿಯ ಮಹಾಲಯ ಅಮಾವಾಸ್ಯೆ. ನನ್ನ ಹೆಂಡತಿ ನೀಲಮ್ಮ ಆ ವರ್ಷದ ಬೇಸಿಗೆಯಲ್ಲಿ ಕಾಮಾಲೆಯಿಂದ ತೀರಿಕೊಂಡಿದ್ದಳು. ಅವಳಿಗೆ ಇಡಬೇಕಾದ ಮೊದಲ ಎಡೆ ಅದು. ಆ ದಿನ ನಮ್ಮ ಮನೆಯಲ್ಲಿ ಇಟಲಿ ದೇಶದ ಅಡುಗೆ ಮಾಡಿದೆವು. ಇದನ್ನು ಹೇಳಿದಾಗ ಕೆಲವರು ನಗುತ್ತಾರೆ. ಮೊದಲು ನಮ್ಮ ಅತ್ತೆಯೂ ಒಪ್ಪಿರಲಿಲ್ಲ.

ನಮ್ಮದು ಗುಲ್ಬರ್ಗ ಕಡೆಯ ಹಳ್ಳಿ. ಅತ್ತೆ ಎಂದರೆ ನನ್ನ ತಂದೆಯ ಖಾಸಾ ತಂಗಿ. ಅವರ ಮಗಳನ್ನೇ ನಾನು ಮದುವೆಯಾಗಿದ್ದು. ಮದುವೆಯಾದ ಹೊಸದರಲ್ಲಿ ಬೆಂಗಳೂರಿಗೆ ಬಂದು ಶಿವಾಜಿನಗರದ ಒಂದು ಟೈಲರ್ ಅಂಗಡಿಗೆ ಸೇರಿದೆ. ಕಗ್ಗದಾಸಪುರದ ಒಂದು ವಠಾರದಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ ಸಿಕ್ಕಿತು. ಅಲ್ಲೇ ಮಗಳು ಸವಿತಾ ಹುಟ್ಟಿದಳು.

ಸವಿತಾ ಶಾಲೆಗೆ ಹೋಗತೊಡಗಿದ ಮೇಲೆ ನೀಲಮ್ಮ ಇಂದಿರಾನಗರದ ಒಂದು ಮನೆಯಲ್ಲಿ ಕೆಲಸ ಹಿಡಿದಳು. ಅದು ಇಟಲಿಯಿಂದ ಬಂದ ಗಂಡಹೆಂಡಿರ ಮನೆ. ಗಂಡ ಮಹದೇವಪುರದ ಕಡೆ ಯಾವುದೋ ಕಾರ್ಖಾನೆಯಲ್ಲಿ ಇಂಜಿನಿಯರ್. ಹೆಂಡತಿಯ ಹೆಸರು ಜೂಲಿಯಾ. ನೀಲಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಮೇಡಂಗೆ ಕನ್ನಡ ಬರುತ್ತಿರಲಿಲ್ಲ. ಇಬ್ಬರೂ ಅಡುಗೆಮನೆಯಲ್ಲಿ ನಿಂತು ಕೈಯಲ್ಲಿ ತೋರಿಸುತ್ತಾ, ರುಚಿ ನೋಡುತ್ತಾ ಹೇಗೋ ಮಾತು ಕಲಿತರು.

ಅಲ್ಲಿ ಕಲಿತ ಪಾಸ್ತಾವನ್ನು ನೀಲಮ್ಮ ಭಾನುವಾರ ನಮ್ಮ ಮನೆಯಲ್ಲಿ ಮಾಡುತ್ತಿದ್ದಳು. ಚಿರೋಟಿ ರವೆಯನ್ನು ಗಟ್ಟಿಯಾಗಿ ಕಲಸಿ, ಚೆನ್ನಾಗಿ ನಾದಿ, ಹಗ್ಗದಂತೆ ಹೊಸೆದು, ಚೂರು ಚೂರು ಮಾಡುವಳು. ಒಂದೊಂದು ಚೂರನ್ನೂ ಹೆಬ್ಬೆರಳಿನಿಂದ ಒತ್ತಿ ಎಳೆದರೆ ಅದು ಕವಡೆಯ ಹಾಗೆ ಸುರುಳಿಕೊಳ್ಳುತ್ತಿತ್ತು. ಅದರ ತುದಿಗೆ ಉಗುರಿನಿಂದ ಸಣ್ಣದೊಂದು ಗುರುತು ಹಾಕುವಳು. ಕುದಿಯುವ ಉಪ್ಪುನೀರಿನಲ್ಲಿ ಬೇಯಿಸಿ, ಬಸಿದು, ಟೊಮೆಟೊ ಬೆಳ್ಳುಳ್ಳಿಯ ಗೊಜ್ಜಿಗೆ ಹಾಕಿ, ಮೇಲೆ ಕಾಮಕಸ್ತೂರಿ ಎಲೆಯನ್ನು ಹರಿದು ಉದುರಿಸುವಳು.

ಅದಕ್ಕೆ ಒಂದು ನಿಯಮವೂ ಇತ್ತು. ಮೇಡಂ ಮನೆಯಲ್ಲಿ ಪಾಸ್ತಾ ಬಸಿಯುವ ಹೊತ್ತಿಗೆ ಎಲ್ಲರೂ ಊಟಕ್ಕೆ ಕೂತಿರಬೇಕಂತೆ. ಬಸಿದವರೂ ಕೂಡಲೇ ಬಂದು ಕೂರಬೇಕಂತೆ. ತಡ ಮಾಡಿದರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ನಮ್ಮ ಕಡೆ ಹೆಂಗಸರು ಎಲ್ಲರಿಗೂ ಬಡಿಸಿ, ಎಲ್ಲರೂ ಎದ್ದ ಮೇಲೆ ಉಣ್ಣುವುದು ರೂಢಿ. ನೀಲಮ್ಮ ಬೇರೆ ದಿನ ಹಾಗೆಯೇ ಉಣ್ಣುತ್ತಿದ್ದಳು. ಎಷ್ಟು ಕರೆದರೂ "ನೀವು ಉಣ್ರಿ, ನನ್ದು ಆಮ್ಯಾಲ" ಎನ್ನುತ್ತಿದ್ದಳು. ಭಾನುವಾರ ಮಾತ್ರ ಪಾತ್ರೆಯನ್ನು ನಡುವೆ ಇಟ್ಟುಕೊಂಡು, "ಲಗೂ ಲಗೂ, ಅಂಟ್ಕೋತದ" ಎಂದು ನಮ್ಮನ್ನು ಕೂರಿಸಿ ತಾನೂ ಕೂರುವಳು. ಬಾಯಿ ಸುಟ್ಟುಕೊಂಡು ನಗುವಳು. ಅವಳು ಬಿಸಿಯಾಗಿ ಉಂಡ ಊಟ ಅದೊಂದೇ ಇರಬೇಕು.

ಅಮಾವಾಸ್ಯೆಗೆ ಮುಂಚೆ ಅತ್ತೆ ಊರಿನಿಂದ ಬಂದರು. ಮಗಳ ಎಡೆಗೆ ಇಡಲು ಹಸಿರು ಸೀರೆ, ಬೆಲ್ಲ, ಕಡಲೆಬೇಳೆ ತಂದಿದ್ದರು. ಬಂದ ದಿನವೇ ಮೊರದಲ್ಲಿ ಬೇಳೆ ಆರಿಸುತ್ತಾ, "ಹೋಳಿಗಿ, ಅನ್ನ, ಕಟ್ಟಿನ ಸಾರು, ಬದ್ನಿಕಾಯಿ ಪಲ್ಯ. ಇಷ್ಟು ಸಾಕು. ನೀಲಿಗಿ ಹೋಳಿಗಿ ಅಂದ್ರ ಜೀವ" ಎಂದರು.

ಪಕ್ಕದಲ್ಲಿ ಕೂತಿದ್ದ ಸವಿತಾ, "ಹೋಳಿಗೆ ಮಾಡು ಆಯಿ. ಆದ್ರೆ ಅಮ್ಮಂಗೆ ಪಾಸ್ತಾನೇ ಜಾಸ್ತಿ ಇಷ್ಟ. ಅದನ್ನೂ ಇಡ್ಬೇಕು" ಎಂದಳು. ಅಜ್ಜಿಯನ್ನು ಅವಳು ಆಯಿ ಎಂದೇ ಕರೆಯುವುದು.

"ಏನದು?"

"ಇಟಲಿಯವ್ರ ಅಡುಗೆ."

ಅತ್ತೆ ಮೊರ ಕೆಳಗಿಟ್ಟರು. "ಸತ್ತೋರ ಎಡಿಗಿ ವಿಲಾಯ್ತಿ ಅಡಗಿ ಇಡ್ತಾರೇನು? ಹಿರಿಯಾರೆಲ್ಲ ಬಂದು ಕುಂತಿರ್ತಾರ. ಅವ್ರ ಮುಂದ ಆಕಿಗಿ ಅದನ್ನ ಇಟ್ಟರ ಏನಂದಾರು?"

"ಅಜ್ಜಂಗೆ ಬೀಡಿ ಇಡ್ತೀಯಲ್ಲ? ಹೋದ ವರ್ಷ ಊರಲ್ಲಿ ನಾನೇ ನೋಡಿದ್ದೀನಿ. ಬೀಡಿ ಕಟ್ಟೂ ಇಟ್ಟೆ, ಬೆಂಕಿಪೊಟ್ಟಣನೂ ಇಟ್ಟೆ."

ನನಗೆ ನಗು ಬಂದುಬಿಟ್ಟಿತು. ನೀಲಮ್ಮ ಹೋದ ಮೇಲೆ ನಾನು ನಕ್ಕಿದ್ದು ಅದೇ ಮೊದಲು. ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು.

"ನಗ್ತೀ ಯಾಕ ಶರಣೂ? ಆಂವ ನಿಮ್ಮಪ್ಪ. ನನ್ನ ಅಣ್ಣ. ಎಡ್ಯಾಗ ಬೀಡಿ ಇಲ್ಲಂದ್ರ ಬಾಗಲದಾಗಿಂದೇ ಹೊಳ್ಳಿ ಹೋಗಾಂವ."

"ಹಂಗಾರ ನೀಲಿನೂ ಹೊಳ್ಳಿ ಹೋಗ್ತಾಳಲ್ಲ ಅತ್ತಿ" ಎಂದೆ.

ಅತ್ತೆ ಮತ್ತೆ ಮೊರ ಎತ್ತಿಕೊಂಡರು. ಬೇಳೆಯನ್ನೆಲ್ಲ ಆರಿಸಿ ಮುಗಿಸಿದರು. ಆಮೇಲೆ ಎದ್ದು, "ಹೋಳಿಗಿ ನಾ ಮಾಡ್ತೀನಿ. ಅದನ್ನ ನೀನೇ ಮಾಡ್ಕೋ. ನನಗ ಮುಟ್ಟಂತ ಹೇಳಬ್ಯಾಡ" ಎಂದರು.

ಮೊದಲ ವರ್ಷದ ಎಡೆ ಮನಸ್ಸಿಗೆ ಬರದಿದ್ದರೆ ಹೋದವರು ಹಸಿದುಕೊಂಡೇ ಹಿಂದಿರುಗುತ್ತಾರೆ ಎಂದು ನಮ್ಮ ಕಡೆ ಹೇಳುತ್ತಾರೆ. ನಾನು ಅದನ್ನು ಅಷ್ಟಾಗಿ ನಂಬುವವನಲ್ಲ. ಆದರೆ ಸವಿತಾ ನಂಬಿದ್ದಳು. ಅಮ್ಮ ಆ ಸಂಜೆ ಮನೆಗೆ ಬರುತ್ತಾಳೆ, ಊಟ ಮಾಡುತ್ತಾಳೆ ಎಂದು ಶಾಲೆಯಲ್ಲಿ ಗೆಳತಿಯರಿಗೂ ಹೇಳಿದ್ದಳು. ಹಾಗಾಗಿ ಆ ಅಡುಗೆಯನ್ನು ನಾನು ಹೇಗಾದರೂ ಸರಿಯಾಗಿ ಮಾಡಲೇಬೇಕಿತ್ತು. ನನಗೋ ಅನ್ನಕ್ಕೆ ನೀರು ಎಷ್ಟು ಇಡಬೇಕೆಂದೂ ಆ ಬೇಸಿಗೆಯವರೆಗೆ ಗೊತ್ತಿರಲಿಲ್ಲ.

ಇಂದಿರಾನಗರಕ್ಕೆ ಹೋಗಿ ಮೇಡಂಗೆ ನನ್ನ ಹರಕು ಇಂಗ್ಲಿಷಿನಲ್ಲಿ ವಿಷಯ ಹೇಳಿದೆ. ತೀರಿಕೊಂಡವರಿಗೆ ಅವರಿಗೆ ಇಷ್ಟವಾದದ್ದನ್ನು ಮಾಡಿ ಬಡಿಸುತ್ತೇವೆ ಎಂದೆ. ಅವರು ಬಾಗಿಲ ಚೌಕಟ್ಟು ಹಿಡಿದು ಕೇಳುತ್ತಾ ನಿಂತಿದ್ದರು. ಕೊನೆಗೆ, "ನಾ ಬರ್ಲೇನು?" ಎಂದರು. ಅಪ್ಪಟ ನಮ್ಮೂರಿನ ಮಾತು, ನೀಲಮ್ಮ ಎಳೆಯುತ್ತಿದ್ದ ಹಾಗೆಯೇ ಎಳೆದು. ನಾನು ಹೂಂ ಎಂದು ತಲೆಯಾಡಿಸಿದೆ.

ಅಮಾವಾಸ್ಯೆಯ ಹಿಂದಿನ ಸಂಜೆ ಸಾಮಾನು ತರಲು ಹೊರಟಾಗ ನಮ್ಮ ಅಂಗಡಿಯ ಮಾಲೀಕರು ಖಾದರ್ ಭಾಯ್ ಕೂಡ ಎದ್ದರು. "ಚಲ್ ಶರಣು, ನಾನೂ ಬರ್ತೀನಿ. ನಿನಗೆ ಬಟ್ಟೆ ಬಿಟ್ರೆ ಇನ್ನೇನೂ ಕೊಳ್ಳಕ್ಕೆ ಬರಲ್ಲ" ಎಂದರು. ರಸೆಲ್ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಟೊಮೆಟೊವನ್ನು ಅವರೇ ಒತ್ತಿ ಒತ್ತಿ ನೋಡಿ ಆರಿಸಿದರು. ಕಾಮಕಸ್ತೂರಿ ತರಕಾರಿಯ ಕಡೆ ಸಿಗಲಿಲ್ಲ. ಹೂವಿನ ಸಾಲಿನಲ್ಲಿ ಒಬ್ಬ ಹೆಂಗಸು ದವನದ ಪಕ್ಕ ಇಟ್ಟುಕೊಂಡಿದ್ದಳು.

"ಮಾಲೆಗಾ ಅಣ್ಣಾ?" ಎಂದಳು.

"ಅಲ್ಲವ್ವಾ, ಅಡಗಿಗಿ" ಎಂದೆ.

"ಅಯ್ಯೋ, ಇದನ್ನ ಯಾರಾದ್ರೂ ತಿಂತಾರಾ?" ಎಂದು ನಕ್ಕವಳು, ಏನೋ ನೆನಪಾಗಿ, "ಒಬ್ರು ಅಕ್ಕ ತಗೊಳ್ತಿದ್ರು. ಶನಿವಾರ ಶನಿವಾರ ಬರ್ತಿದ್ರು, ಒಂದೊಂದು ಕಟ್ಟೂ ಮೂಸಿ ನೋಡಿ. ನಿಮ್ ಹಂಗೇ ಮಾತಾಡ್ತಿದ್ರು. ಈಗ ಬರೋದೇ ಇಲ್ಲ" ಎಂದಳು.

ನಾನು ದುಡ್ಡು ತೆಗೆಯಲು ಜೇಬಿಗೆ ಕೈ ಹಾಕಿದೆ. ಖಾದರ್ ಭಾಯ್ ನನ್ನ ಬೆನ್ನ ಮೇಲೆ ಕೈಯಿಟ್ಟು, "ಅವ್ರ ಮನೆಗೇ ಹೋಗ್ತಿರೋದಮ್ಮ ಇದು. ಒಳ್ಳೇದು ನೋಡಿ ಕೊಡು" ಎಂದರು. ಆ ಹೆಂಗಸು ಮೇಲೊಂದು ಹಿಡಿ ಹಾಕಿ ಕೊಟ್ಟಳು. ಹೊರಗೆ ಬಂದ ಮೇಲೆ ಖಾದರ್ ಭಾಯ್, "ನಾಳೆ ನಾನೂ ಊಟಕ್ಕೆ ಬರ್ತೀನಿ, ಕರೀದಿದ್ರೂ ಬರ್ತೀನಿ" ಎಂದರು.

ಅಮಾವಾಸ್ಯೆಯ ಮಧ್ಯಾಹ್ನ ನಾನು ರವೆ ಕಲಸಲು ಕೂತೆ. ಅತ್ತೆ ಒಲೆಯ ಮುಂದೆ ನನಗೆ ಬೆನ್ನು ಮಾಡಿ ಹೂರಣ ಕುದಿಸುತ್ತಿದ್ದರು. ನಾದುವಾಗ ಗಟ್ಟಿ ಎನಿಸಿತೆಂದು ನೀರು ಹಾಕಿದೆ, ಮತ್ತೆ ಹಾಕಿದೆ. ಹೊಸೆದು, ಎಲ್ಲ ಚೂರೂ ಒಂದೇ ಅಳತೆಗೆ ಬರಲೆಂದು ಟೇಪು ಪಕ್ಕದಲ್ಲಿಟ್ಟುಕೊಂಡು ಕತ್ತರಿಸಿದೆ. ಅತ್ತೆ ತಿರುಗಿ ನೋಡಿ, "ಅರಿಬಿ ಕತ್ತರಸ್ದಂಗ ಕತ್ತರಸ್ಲಾಕತ್ತಾನ ನೋಡು. ಇನ್ನ ಅದಕ್ಕ ಗುಂಡಿನೂ ಹಚ್ಚು" ಎಂದರು.

ರುಚಿ ನೋಡೋಣವೆಂದು ಒಂದು ಹಿಡಿಯನ್ನು ಕುದಿಯುವ ನೀರಿಗೆ ಹಾಕಿದೆ. ತೇಲಲಿಲ್ಲ. ಸೌಟು ಹಾಕಿ ನೋಡಿದರೆ ಎಲ್ಲ ಕರಗಿ ಗಂಜಿಯಾಗಿತ್ತು. ಸವಿತಾ ಪಾತ್ರೆಗೆ ಬಗ್ಗಿ ನೋಡಿದಳು.

"ಹೀಗಲ್ಲ ಅಪ್ಪಾ."

"ಗೊತ್ತು ಮಗಳೇ."

"ಸಂಜೆಗೆ ಅಮ್ಮ ಬಂದ್ಬಿಡ್ತಾಳೆ" ಎಂದು ನನ್ನ ತೋಳು ಜಗ್ಗಿದಳು.

ಆ ಹೊತ್ತಿಗೆ ಬಾಗಿಲಲ್ಲಿ ಆಟೋ ನಿಂತ ಸದ್ದಾಯಿತು. ಗಂಡ ಬೇರೆ ಊರಿಗೆ ಹೋಗಿದ್ದರಿಂದ ಜೂಲಿಯಾ ಮೇಡಂ ಒಬ್ಬರೇ ಬಂದಿದ್ದರು. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಒಂದು ಗಟ್ಟಿ ಚೀಸ್ ತುಂಡು. ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬಂದು, ಅತ್ತೆಯನ್ನು ನೋಡಿ ಕೈಮುಗಿದು, "ಹ್ಯಾಂಗ ಅದೀರಿ ಆಯಿ?" ಎಂದರು.

ಅತ್ತೆಯ ಕೈಯಲ್ಲಿದ್ದ ಹೂರಣದ ಸೌಟು ಹಾಗೆಯೇ ನಿಂತಿತು. ಬಿಳಿ ಹೆಂಗಸಿನ ಬಾಯಲ್ಲಿ ತಮ್ಮ ಮಗಳ ಮಾತು ಕೇಳಿ ಅವರು ಪೂರ್ತಿ ಇತ್ತ ತಿರುಗಿದರು. ಸೆರಗಿನಿಂದ ಕಣ್ಣೊರೆಸಿಕೊಂಡು, "ಬಾ ಯವ್ವಾ, ಕೂಡು" ಎಂದಷ್ಟೇ ಹೇಳಿದರು.

ಮೇಡಂ ನಾನು ಕಲಸಿದ್ದನ್ನು ಬೆರಳಿನಿಂದ ಒತ್ತಿ ನೋಡಿದರು. "ನೀರ್ ಜಾಸ್ತಿ ಆಗ್ಯಾದ" ಎಂದು ನೆಲದ ಮೇಲೆ ಕೂತು, ಒಣ ರವೆ ಸೇರಿಸಿ ನಾದತೊಡಗಿದರು. ಹೊಸೆದರು, ಚೂರು ಮಾಡಿದರು. ಒಂದು ಚೂರನ್ನು ಮಣೆಯ ಮೇಲಿಟ್ಟು ಹೆಬ್ಬೆರಳಿನಿಂದ ಎಳೆದರು. ಅದು ಕವಡೆಯ ಹಾಗೆ ಸುರುಳಿಕೊಂಡಿತು.

ಅತ್ತೆ ಒಲೆ ಬಿಟ್ಟು ಬಂದರು. ಅದನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು.

"ಇದು ಗೌಲಿ ಅಲ್ಲೇನು ಶರಣೂ?"

ನಮ್ಮ ಕಡೆ ಮದುವೆಗೆ ಮುಂಚೆ ಮನೆಯ ಹೆಂಗಸರೆಲ್ಲ ಕೂತು ಹುಗ್ಗಿಗೆ ಶಾವಿಗೆ, ಗೌಲಿ ಮಾಡುತ್ತಾರೆ. ಗೌಲಿ ಎಂದರೆ ಹಿಟ್ಟಿನ ಸಣ್ಣ ಸಣ್ಣ ಸುರುಳಿ. ಗಂಡಸರು ಅತ್ತ ಸುಳಿಯುವುದಿಲ್ಲ. ಹುಗ್ಗಿಯಲ್ಲಿ ಬೆಂದು ಬಂದದ್ದನ್ನು ಉಂಡಿದ್ದೆನೇ ಹೊರತು, ಅದನ್ನು ಹೇಗೆ ಮಾಡುತ್ತಾರೆಂದು ನಾನು ನೋಡಿರಲಿಲ್ಲ.

ಅತ್ತೆ ಮಣೆಯ ಮುಂದೆ ಕೂತರು. ಮುಟ್ಟುವುದಿಲ್ಲ ಎಂದಿದ್ದು ಅವರಿಗೂ ನೆನಪಿರಲಿಲ್ಲ, ನಾವೂ ನೆನಪು ಮಾಡಲಿಲ್ಲ. ಅವರ ಹೆಬ್ಬೆರಳು ಸರಸರನೆ ಓಡಿತು. ಒಂದೊಂದು ಸುರುಳಿ ಬಿದ್ದ ಹಾಗೂ ಅದರ ತುದಿಗೆ ಉಗುರಿನಿಂದ ಒಂದು ಗುರುತು.

ಆ ಗುರುತು! ಅದೆಷ್ಟೋ ಭಾನುವಾರ ತಟ್ಟೆಯಲ್ಲಿ ನೋಡಿದ್ದೆ. ಅದು ಇಟಲಿಯವರ ಪದ್ಧತಿ ಇರಬೇಕೆಂದು ತಿಳಿದಿದ್ದೆ. ಮೇಡಂ ಮಾಡಿದ್ದರಲ್ಲಿ ಆ ಗುರುತು ಇರಲಿಲ್ಲ.

"ಆಯಿ, ಅಮ್ಮನೂ ಹಿಂಗೇ ಮಾಡ್ತಿದ್ಳು!" ಎಂದು ಸವಿತಾ ಕೂಗಿದಳು.

"ಮಾಡ್ದೇ ಏನು ಮಾಡ್ತಾಳ? ಸಣ್ಣಾಕಿದ್ದಾಗ ತೊಡಿ ಮ್ಯಾಲ ಕುಂದ್ರಿಸ್ಕೊಂಡು ನಾನೇ ಕಲಿಸೀನಿ" ಎಂದರು ಅತ್ತೆ.

ಮೇಡಂ ಅರ್ಧ ಇಂಗ್ಲಿಷ್, ಅರ್ಧ ನಮ್ಮ ಮಾತಿನಲ್ಲಿ ಹೇಳಿದರು. ಇದು ಅವರ ಅಜ್ಜಿ ಮಾಡುತ್ತಿದ್ದ ಅಡುಗೆಯಂತೆ. ಮೊದಲ ದಿನ ನೀಲಮ್ಮನಿಗೆ ಕಲಿಸೋಣವೆಂದು ಹಿಟ್ಟು ಕಲಸಿ ಕೂತರೆ, ಅವಳು ನಕ್ಕು, ಇವರ ಕೈ ಸರಿಸಿ, ತಟ್ಟೆ ತುಂಬ ಮಾಡಿಟ್ಟಳಂತೆ. "ನಾ ಟೊಮೆಟೊ ಕಲಿಸ್ದೆ. ಇದು ಆಕಿಗಿ ಬರ್ತಿತ್ತು" ಎಂದರು.

ಆಮೇಲೆ ಅತ್ತೆಯ ಕೈ ನಿಧಾನವಾಯಿತು. ಒಂದೊಂದನ್ನೂ ಮಾಡಿ, ಒಂದು ಗಳಿಗೆ ನೋಡಿ, ಬಟ್ಟೆಯ ಮೇಲೆ ಬಿಡುತ್ತಿದ್ದರು. ಸವಿತಾ ಅಜ್ಜಿಯ ಬದಿಗೆ ಕೂತು ತಾನೂ ಒತ್ತತೊಡಗಿದಳು. ನನಗೆ ಬೆಳ್ಳುಳ್ಳಿ ಬಿಡಿಸುವ ಕೆಲಸ ಕೊಟ್ಟರು.

ದೀಪ ಹಚ್ಚುವ ಹೊತ್ತಿಗೆ ಖಾದರ್ ಭಾಯ್ ಬಂದರು. ಗೋಡೆಯ ಹತ್ತಿರ ನೀಲಮ್ಮನ ಫೋಟೊ ಇಟ್ಟು, ಹಸಿರು ಸೀರೆ ಇಟ್ಟು, ಮುಂದೆ ಬಾಳೆ ಎಲೆ ಹಾಕಿದೆವು. ನನ್ನ ತಂದೆಗೆ ಮತ್ತು ಉಳಿದ ಹಿರಿಯರಿಗೆ ಎಂದು ಪಕ್ಕದಲ್ಲಿ ಇನ್ನೊಂದು ಎಲೆ, ಅದರ ಅಂಚಿನಲ್ಲಿ ಬೀಡಿ. ಅತ್ತೆ ಹೋಳಿಗೆ, ಅನ್ನ, ಪಲ್ಯ ಬಡಿಸಿದರು. ನಾನು ಬಸಿದು, ಗೊಜ್ಜಿನಲ್ಲಿ ಕಲಸಿ, ಹಬೆಯಾಡುತ್ತಿದ್ದ ಪಾಸ್ತಾವನ್ನು ನೀಲಮ್ಮನ ಎಲೆಗೆ ಬಡಿಸಿದೆ. ಮೇಡಂ ಅದರ ಮೇಲೆ ಚೀಸ್ ತುರಿದರು. ಸವಿತಾ ಕಾಮಕಸ್ತೂರಿ ಉದುರಿಸಿದಳು. ಆ ವಾಸನೆ ಕೋಣೆಯನ್ನೆಲ್ಲ ತುಂಬಿತು.

ಎಡೆ ಇಟ್ಟ ಮೇಲೆ ಧೂಪ ಹಾಕಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂರುವುದು ನಮ್ಮ ಪದ್ಧತಿ. ಹೋದವರು ಬಂದು ನೆಮ್ಮದಿಯಿಂದ ಉಂಡು ಹೋಗಲಿ ಎಂದು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿ ಒಳಗೆ ಹೋಗಬೇಕು. ಆಮೇಲೆ ನಮ್ಮ ಊಟ. ಅತ್ತೆ ಎದ್ದು, "ನಡೀರಿ ಎಲ್ಲಾರೂ ಹೊರಗ" ಎಂದರು. ಖಾದರ್ ಭಾಯ್, ಮೇಡಂ ಎದ್ದು ನಿಂತರು. ಸವಿತಾ ಏಳಲಿಲ್ಲ.

"ನಡಿ ಸವೀ."

"ಬಾಗಿಲು ಹಾಕಿದ್ರೆ ಅಂಟ್ಕೊಳ್ಳುತ್ತೆ ಆಯಿ."

"ಏನು?"

"ಪಾಸ್ತಾ. ಎಲ್ಲರೂ ಒಟ್ಟಿಗೆ ಕೂತು ತಕ್ಷಣ ತಿನ್ಬೇಕು. ಅಮ್ಮ ಇದನ್ನ ಯಾವತ್ತೂ ಒಬ್ಳೇ ತಿಂದಿಲ್ಲ. ಬೇರೆ ಎಲ್ಲಾ ಒಬ್ಳೇ ತಿಂತಿದ್ಳು, ಕೊನೇಲಿ. ಇದನ್ನ ಮಾತ್ರ ನಮ್ ಜೊತೆ."

ಅತ್ತೆ ಬಾಗಿಲಿಗೆ ಕೈ ಹಾಕಿದ್ದವರು ಹಾಗೆಯೇ ನಿಂತರು. ಈ ಮಾತಿನಲ್ಲಿ ಅವರಿಗೆ ತಿಳಿಯದೇ ಇದ್ದದ್ದು ಏನೂ ಇರಲಿಲ್ಲ. ಅವರೂ ಜೀವನವೆಲ್ಲ ಕೊನೆಯಲ್ಲಿ ಉಂಡವರೇ. ಫೋಟೊ ನೋಡಿದರು, ಎಲೆಯಿಂದ ಏಳುತ್ತಿದ್ದ ಹಬೆ ನೋಡಿದರು. ನಾನು ಏನಾದರೂ ಹೇಳಬೇಕೆಂದುಕೊಂಡೆ. ಆದರೆ ಅದು ಅವರ ಮಗಳ ಎಡೆ. ಪದ್ಧತಿ ಬಿಡುವುದೂ ಹಿಡಿಯುವುದೂ ಅವರಿಗೆ ಸೇರಿದ್ದು.

ಅತ್ತೆ ಬಾಗಿಲನ್ನು ಪೂರ್ತಿ ತೆರೆದಿಟ್ಟರು. ತಿರುಗಿ ಬಂದು, ಬಗ್ಗಿ, ನೀಲಮ್ಮನ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಚೆಲ್ಲದಂತೆ ಮೆಲ್ಲಗೆ ಗೋಡೆಯ ಹತ್ತಿರದಿಂದ ಕೋಣೆಯ ನಡುವಿಗೆ ಎಳೆದರು.

"ಎಲಿ ಹಾಕು ಶರಣೂ. ಎಲ್ಲಾರಿಗೂ ಹಾಕು. ಆಕಿ ಬಾಜೂಕ ಹಾಕು" ಎಂದರು. ಆಮೇಲೆ ಇನ್ನೊಂದು ಎಲೆಯ ಕಡೆ ನೋಡಿ, "ಅಣ್ಣ, ನೀ ಅಲ್ಲೇ ಇರು. ನಿನಗ ಬೀಡಿ ಅದಾವ" ಎಂದರು. ಖಾದರ್ ಭಾಯ್ ನಗು ತಡೆಯಲು ಮುಖ ತಿರುಗಿಸಿದರು.

ಒಂದೇ ಸಾಲಿನಲ್ಲಿ ಕೂತೆವು. ಒಂದು ತುದಿಯಿಂದ ಖಾದರ್ ಭಾಯ್, ನಾನು, ಸವಿತಾ, ನೀಲಮ್ಮನ ಎಲೆ, ಅತ್ತೆ, ಮೇಡಂ. ಅತ್ತೆ ಅಳಿಯನ ಜೊತೆ, ಪರಗಂಡಸಿನ ಜೊತೆ ಪಂಕ್ತಿಯಲ್ಲಿ ಕೂತು ಉಂಡದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಪಾತ್ರೆ ಕೈಯಿಂದ ಕೈಗೆ ದಾಟಿತು. "ಲಗೂ ಲಗೂ, ಅಂಟ್ಕೋತದ" ಎಂದರು ಮೇಡಂ. ಅದನ್ನೂ ನೀಲಮ್ಮನಿಂದಲೇ ಕಲಿತಿದ್ದರು.

ಗೊಜ್ಜಿಗೆ ಉಪ್ಪು ಸ್ವಲ್ಪ ಕಡಿಮೆಯಾಗಿತ್ತು. ಖಾದರ್ ಭಾಯ್, "ಶರಣು, ಹೊಲಿಗೆ ಬಿಡಬೇಡ" ಎಂದರು. ಆದರೂ ಎರಡು ಸಲ ಹಾಕಿಸಿಕೊಂಡರು. ಅತ್ತೆ ಮೊದಲ ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದರು. "ಹುಳಿ ಐತಿ" ಎಂದರು. ಸ್ವಲ್ಪ ಬಿಟ್ಟು, "ಛಲೋ ಐತಿ" ಎಂದರು.

ಊಟದ ನಡುವೆ ಅತ್ತೆ ಪಾತ್ರೆಯನ್ನು ತಮ್ಮ ಹತ್ತಿರ ಎಳೆದುಕೊಂಡು, ಇನ್ನೊಂದು ಸೌಟು ತೆಗೆದು ನೀಲಮ್ಮನ ಎಲೆಗೆ ಹಾಕಿದರು. ಅಲ್ಲಿ ಬಡಿಸಿದ್ದು ಹಾಗೆಯೇ ಇತ್ತು. ನಾವೆಲ್ಲ ನೋಡಿದೆವು. ಅವರು ನಮ್ಮ ಕಡೆ ನೋಡದೆ, "ಆಕಿಗಿ ಕೇಳಿ ನೀಡಿಸ್ಕೊಳ್ಳಾಕ ನಾಚ್ಕಿ" ಎಂದರು. ಆಗ ಸವಿತಾ ಎದ್ದು ಹೋಗಿ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಬೇಸಿಗೆಯಿಂದ ಅವಳು ಅತ್ತಿರಲಿಲ್ಲ. ಅತ್ತೆ ಎಂಜಲು ಕೈಯನ್ನು ಎತ್ತಿ ಹಿಡಿದು, ಎಡಗೈಯಲ್ಲಿ ಅವಳ ಬೆನ್ನು ಸವರುತ್ತಾ ಕೂತಿದ್ದರು. ಎಲೆಯಲ್ಲಿದ್ದದ್ದು ಆರಿತು, ಅಂಟಿಕೊಂಡಿತು. ಯಾರಿಗೂ ಏಳುವ ಅವಸರವಿರಲಿಲ್ಲ.

ಮೇಡಂ ಮುಂದೆ ತಮ್ಮ ದೇಶಕ್ಕೆ ಹಿಂದಿರುಗಿದರು. ಹೋಗುವಾಗ ಗೌಲಿ ಒತ್ತಿದ ಆ ಮಣೆ ತಮಗೆ ಬೇಕೆಂದು ಕೇಳಿ ತೆಗೆದುಕೊಂಡು ಹೋದರು. ನಮ್ಮ ಮನೆಯಲ್ಲಿ ಆ ವರ್ಷದಿಂದ ಎಡೆ ಇಟ್ಟು ಬಾಗಿಲು ಹಾಕಿಲ್ಲ. ನೀಲಮ್ಮನ ಎಲೆ ನಮ್ಮ ಸಾಲಿನಲ್ಲೇ ಇರುತ್ತದೆ. ಊರಿನ ಕೆಲವರಿಗೆ ಇದು ಸರಿಕಾಣಲಿಲ್ಲ. ಅತ್ತೆ ಅವರಿಗೆಲ್ಲ ತಾವೇ ಉತ್ತರ ಹೇಳುತ್ತಿದ್ದರು.

ಈ ವರ್ಷ ಅತ್ತೆಯೂ ಇಲ್ಲ. ಅಮಾವಾಸ್ಯೆಯ ದಿನ ಸಾಲಿನಲ್ಲಿ ಎರಡು ಎಲೆ ಹಾಕಿದೆವು, ತಾಯಿ ಮಗಳದ್ದು ಅಕ್ಕಪಕ್ಕದಲ್ಲಿ. ಸವಿತಾ ಈಗ ಕಾಲೇಜಿಗೆ ಹೋಗುವ ಹುಡುಗಿ. ಗೌಲಿಯನ್ನು ಅವಳೇ ಒತ್ತಿದಳು, ತುದಿಗೆ ಉಗುರಿನ ಗುರುತು ಹಾಕಿದಳು. ಊಟದ ನಡುವೆ ನಾನು ಆ ಎರಡು ಎಲೆಗಳನ್ನೇ ನೋಡುತ್ತಿದ್ದೆ. ಇನ್ನು ಮೇಲೆ ನೀಲಮ್ಮನಿಗೆ ಎರಡನೆಯ ಸಲ ಯಾರು ಬಡಿಸಬೇಕು ಎಂದು ನನ್ನ ಮನಸ್ಸಿಗೆ ಬಂದಿತ್ತು.

ಸವಿತಾ ಪಾತ್ರೆ ಎಳೆದುಕೊಂಡು, ಇಬ್ಬರ ಎಲೆಗೂ ಕೇಳದೆ ಒಂದೊಂದು ಸೌಟು ಹಾಕಿದಳು.